ಯಾವ ಕಿವಿ

ಕೌತೊಕೈನೊದ ಆ ಕಚೇರಿಯಲ್ಲಿ ಹೀಟರ್ ಮುಲುಗುತ್ತಿತ್ತು.
ಮಧ್ಯಾಹ್ನ ಎರಡಕ್ಕೇ ಕತ್ತಲು.
ಹಿಮಸಾರಂಗಗಳ ಕಿವಿಗುರುತುಗಳನ್ನೆಲ್ಲ
ರಟ್ಟು ಕಿತ್ತ ಹಳೇ ಪುಸ್ತಕದಿಂದ ಡೇಟಾಬೇಸಿಗೆ ಇಳಿಸುವುದು
ಆ ಚಳಿಗಾಲ ನನ್ನ ಪಾಲಿಗೆ ಬಿದ್ದ ಕೆಲಸ.

ಗುರುತೆಂದರೆ ಚಾಕುವಿನ ಕೆಲವು ಮಾತು:
ತುದಿ ಹಾರಿಸಿದ್ದು, ಅಂಚಿಗೊಂದು ಕಚ್ಚು,
ಹಿಂಬದಿಗೆ ಕವಲು, ನಡುವೆ ಸೀಳು.
ಒಂದರ ಹಿಂದೊಂದು ಬರುವುದಕ್ಕೆ
ಸರಣಿಗಿಂತ ಸಲೀಸು ಇನ್ನೇನು?
ಒಂದೇ ಕಾಲಂ, ಆಚೀಚೆ ಪುಷ್ಪಾವರಣ,
ಹೂವೇ ಕಾಣದ ತಿಂಗಳಲ್ಲಿ.

ಮೊದಲ ಮೂರು ಮನೆ ಎಡಗಿವಿ,
ಉಳಿದದ್ದು ಬಲಗಿವಿ.
ಇದು ನನ್ನ ತಲೆಯಲ್ಲಿತ್ತು,
ಟೇಬಲ್ಲಿನಲ್ಲಿ ಇರಲಿಲ್ಲ.

ತ್ರೋಮ್ಸೋದಿಂದ ಗೌತೆ ಫೋನಿನಲ್ಲಿ ಅಂದ:
"ಅಷ್ಟು ಸಾಕು ಬಿಡು.
ನಿನ್ನದೇ ಟೈಪು ಗೀಪು ಕಟ್ಟಲು ಹೊರಟರೆ
ನಾಳೆ ಒಂದು ಕಲ್ಲು ಸರಿಸಲು ಗೋಡೆಯನ್ನೇ ಬಿಚ್ಚಬೇಕು."
ಸುಳ್ಳು ಹೇಳುವವನಲ್ಲ ಗೌತೆ.

ಇಸ್ಸಾಟ್ ಬಂದದ್ದು ಒಂದು ಗುರುವಾರ,
ಮೀಸೆಯಲ್ಲಿ ಇನ್ನೂ ಕರಗದ ಮಂಜು.
ಮೊಮ್ಮಗಳು ಸಾನ್ನಾಳ ಗುರುತಿನ ಕಾಗದ ಕೈಗಿಟ್ಟೆ.
ದೀಪದ ಹತ್ತಿರ ಹಿಡಿದ, ದೂರ ಹಿಡಿದ,
ಕೊನೆಗೆ ಕೇಳಿದ: "ಇದು ಯಾವ ಕಿವಿ?"

ಎಡಗಿವಿಗೆ ಎರಡೇ ಕೊಯ್ತ ಅವಳದು.
ಮೂರನೇ ಮನೆ ಖಾಲಿ ಇರಬೇಕಿತ್ತು.
ಖಾಲಿಯನ್ನು ನಾನು ಬರೆದಿರಲಿಲ್ಲ.
ಬಲಗಿವಿಯ ಕಚ್ಚು ಸದ್ದಿಲ್ಲದೆ ಎಡಕ್ಕೆ ಸರಿದು
ಹುಡುಗಿಯ ಕರುಗಳೆಲ್ಲ
ಹೊಳೆಯಾಚೆಯ ಮನೆತನದ ಪಾಲಾಗಿದ್ದವು.

ಬೈಯಲಿಲ್ಲ. ಜೇಬಿನಿಂದ ದಾರವೊಂದನ್ನು ಎಳೆದು ಮೇಜಿಗೆ ಹಾಕಿದ:
ಬೇಸಿಗೆಯಲ್ಲಿ ಕರುಗಳ ಕಿವಿಯಿಂದ ಕೊಯ್ದ ಚೂರುಗಳು,
ಪೋಣಿಸಿ, ಒಣಗಿ, ರೋಮದ ಸಮೇತ.
"ನಿನ್ನ ಸರಣಿ ಇದು.
ಎಷ್ಟು ಅಂತ ಕೇಳು, ನಲವತ್ತಮೂರು ಅನ್ನುತ್ತೆ.
ಯಾರದು ಅಂತ ಕೇಳಿ ನೋಡು."

ಆಮೇಲೆ ಕಾಫಿಗೆ ಗಿಣ್ಣಿನ ತುಂಡು ಅದ್ದುತ್ತ ಹೇಳಿದ:
"ಮರಿ ಜೊತೆಗಿದ್ದರೆ ಅವಳು *ಆಲ್ದು*,
ಗೊಡ್ಡಾದರೆ *ರೊತ್ನು*.
ಹಿಂಡು ಓಡುತ್ತಿರುವಾಗ
ಹೆಣ್ಣು, ದೊಡ್ಡದು, ಮರಿಯುಂಟು
ಅಂತ ಯಾರು ಪಟ್ಟಿ ಓದುತ್ತಾ ನಿಲ್ಲುತ್ತಾರೆ?"
ಎಷ್ಟೊಂದು ಸಂಗತಿ ಒಂದು ಹೆಸರೊಳಗೆ ಹೋಗಿ
ತಂತಮ್ಮ ಜಾಗದಲ್ಲಿ ಕೂತಿದ್ದವು.

ಆ ರಾತ್ರಿ ಟೈಪು ಕಟ್ಟಿದೆ.
ಹೆಸರು: ಗುರುತು. ಒಳಗೆ ಎರಡು ಕೋಣೆ: ಎಡ, ಬಲ.
ಖಾಲಿಯಿದ್ದರೆ ಖಾಲಿಯೆಂದೇ ಬಾಗಿಲ ಮೇಲೆ ಬರೆದಿರುತ್ತದೆ,
ಪಕ್ಕದ ಕೋಣೆಯವರು ಬಂದು ಮಲಗುವಂತಿಲ್ಲ.
ಆದರೆ ಒಂದು ಕಿವಿಗೆ ಎಷ್ಟು ಕೊಯ್ತ?
ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಐದು,
ಬುಡದಿಂದ ತುದಿಗೆ, ಅದೇ ಕ್ರಮದಲ್ಲಿ.
ಮತ್ತೆ ಪುಷ್ಪಾವರಣ.
ಮುಂಬಾಗಿಲಿಂದ ಓಡಿಸಿದ ಸರಣಿ
ಹಿತ್ತಿಲಿಂದ ಬಂದು ಕಿವಿಯೊಳಗೆ ಮುದುಡಿಕೊಂಡಿತ್ತು.
ಇರಲಿ ಅಂದೆ. ಅದಕ್ಕೆ ಅದೇ ಜಾಗ.

ಗೌತೆಯ ಮಾತೂ ಹುಸಿಯಾಗಲಿಲ್ಲ:
ಮಾರ್ಚಿಯಲ್ಲಿ ಸಮಿತಿ ಒಂದು ಹೊಸ ಕಲಂ ಕೇಳಿತು,
ಮೂರು ದಿನ ಗೋಡೆ ಬಿಚ್ಚಿದೆ.
ತುದಿ ಹಾರಿಸಿದವನ್ನೆಲ್ಲ ಹುಡುಕು ಎಂದಾಗ
ಯಂತ್ರ ಒಂದೊಂದೇ ಕಿವಿ ಎತ್ತಿ ನೋಡುತ್ತಿತ್ತು.
ಕೊಯ್ತಕ್ಕೊಂದು ಸಾಲು, ಅದಕ್ಕೇ ಬೇರೆ ಟೇಬಲ್,
ಹಾಗೆ ಮಾಡಬಹುದಿತ್ತು. ತಡವಾಗಿ ಹೊಳೆಯಿತು.

ಜುಲೈ. ನಡುರಾತ್ರಿಯಲ್ಲೂ ಮುಳುಗದ ಸೂರ್ಯ,
ಸೊಳ್ಳೆ, ಗೊರಸಿನ ಚಟಚಟ, ಧೂಳು.
ಸಾನ್ನಾಳ ಕೈಯಲ್ಲಿ ಮೊದಲ ಸಲ ಚಾಕು.
ಕರು ಅವಳ ಮುಖವನ್ನೇ ನೋಡುತ್ತಿತ್ತು.
ಹುಡುಗಿ ತಡೆದಳು:
"ಎಡ ಅಂದರೆ ನನ್ನ ಎಡವೋ, ಇದರ ಎಡವೋ?"

ನಾನು ಬೇಲಿಗೆ ಒರಗಿ ನಿಂತಿದ್ದೆ.
ನನ್ನ ಟೈಪಿನಲ್ಲಿ *ಎಡ* ಅಂತಷ್ಟೇ ಇದೆ.

ಇಸ್ಸಾಟ್ ನಗುತ್ತ ಕರುವನ್ನು ತಿರುಗಿಸಿದ,
ಹುಡುಗಿಯನ್ನು ಅದರ ಬೆನ್ನ ಹಿಂದೆ ಕೂರಿಸಿದ.
ಈಗ ಇಬ್ಬರೂ ಒಂದೇ ಬೆಟ್ಟ ನೋಡುತ್ತಿದ್ದರು.